ಭಾಷಣಕ್ಕೆ ಹೆಸರು ಕೊಟ್ಟಿರೋರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಮಾತಾಡೋಕೆ ಹೆಸರು ಕೊಟ್ಟಿರೋರು ಇದನ್ನ ಒಂದ್ಸಲ ಪೂರ್ತಿ ಓದಿ. ಒಬ್ಬೊಬ್ಬರಿಗೆ 5 ನಿಮಿಷ, ಅದರಲ್ಲಿ ಹೇಳೋ ವಿಷಯ ಒಂದೇ ಇರಲಿ, ಕೇಳಿದವರು ಮನೆಗೆ ಹೋಗಿ ಅದನ್ನ ಒಂದು ವಾಕ್ಯದಲ್ಲಿ ಹೇಳೋ ಹಾಗಿರಬೇಕು, ಮೊದಲು ಆ ವಾಕ್ಯ ಬರ್ಕೊಳ್ಳಿ ಆಮೇಲೆ ಮಿಕ್ಕಿದ್ದು. 5 ನಿಮಿಷ ಸಾಲಲ್ಲ ಅಂತ ಅಂದ್ಕೋಬೇಡಿ, 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಸುಮಾರು 2 ಗಂಟೆ ಮಾತಾಡಿದ್ರು, ಆಮೇಲೆ ಎದ್ದ ಆಗಿನ ಅಧ್ಯಕ್ಷ ಲಿಂಕನ್ 2-3 ನಿಮಿಷದಲ್ಲಿ ಮುಗಿಸಿದ್ರು, ಇವತ್ತಿಗೂ ಜನಕ್ಕೆ ನೆನಪಿರೋದು ಲಿಂಕನ್ ಮಾತೇ.

ಪೂರ್ತಿ ಬರೆದು ಬಾಯಿಪಾಠ ಮಾಡೋದು ಬೇಡ ಅಂತ ನನ್ನ ಅಭಿಪ್ರಾಯ. ಒಂದು ಪದ ಮರೆತ್ರೆ ಮುಂದಿಂದೆಲ್ಲಾ ಹೋಗುತ್ತೆ, ನನಗೇ ಒಂದ್ಸಲ ಹಾಗಾಗಿ ಅರ್ಧಕ್ಕೆ ನಿಂತುಬಿಟ್ಟಿದ್ದೆ. ಮೊದಲ 2 ವಾಕ್ಯ, ಕೊನೇ ವಾಕ್ಯ ಇಷ್ಟು ಗಟ್ಟಿ ಮಾಡ್ಕೊಳ್ಳಿ, ಮಧ್ಯದ್ದಕ್ಕೆ ಸಣ್ಣ ಚೀಟೀಲಿ 4-5 ಪಾಯಿಂಟ್ ಸಾಕು. ಪ್ರಾಕ್ಟೀಸ್ ಮಾತ್ರ ಮನಸ್ಸಲ್ಲೇ ಓದ್ಕೊಂಡು ಮಾಡ್ಬೇಡಿ, ಎದ್ದು ನಿಂತು ಜೋರಾಗಿ ಹೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ, ಎಲ್ಲಿ ಓಡ್ತಿದ್ದೀರಿ, ಎಲ್ಲಿ ಸುಮ್ನೆ ‘ಅಂದ್ರೆ, ಅಂದ್ರೆ’ ಅಂತಿದ್ದೀರಿ ಎಲ್ಲಾ ಗೊತ್ತಾಗುತ್ತೆ, ಟೈಮೂ ಸಿಗುತ್ತೆ.

ಎದೆ ಡವಡವ ಅನ್ನೋದು ಎಲ್ಲರಿಗೂ ಆಗುತ್ತೆ, ಅದು ಗಾಬರಿಯಾದಾಗ ಮೈಯಲ್ಲಿ ಬರೋ ಅಡ್ರಿನಲಿನ್ ಅನ್ನೋ ಹಾರ್ಮೋನ್ ಕೆಲಸ. ಮೈಕ್ ಹಿಡಿದ ತಕ್ಷಣ ಶುರು ಮಾಡ್ದೆ ನಿಧಾನಕ್ಕೆ ಉಸಿರು ಬಿಟ್ಟು, ಯಾರಾದ್ರೂ ಒಬ್ಬರ ಮುಖ ನೋಡ್ತಾ ಒಂದು ವಾಕ್ಯ ಮುಗಿಸಿ, ಆಮೇಲೆ ಇನ್ನೊಬ್ಬರ ಕಡೆ ತಿರುಗಿ.

ನಿಮ್ಮ ವಿಷಯ ಏನು ಅಂತ ಶುಕ್ರವಾರದೊಳಗೆ ಇಲ್ಲೇ ಹಾಕಿ, ಇಬ್ಬರದ್ದು ಒಂದೇ ಆಗ್ಬಾರ್ದು.