ಬ್ಯಾಟರಿಯ ಬೆಲೆಯನ್ನು ತಿಂಗಳಿಗೆ ಹಂಚಿ ನೋಡು

ಚಿ. ರಶ್ಮಿಗೆ,

ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಕಾರಿನ ಬ್ಯಾಟರಿಗೆ ಕಲಬುರಗಿಯ ಅಂಗಡಿಯವರು ಹೇಳಿದ ರೇಟು ಕೇಳಿ ಗಾಬರಿಯಾಗಿ ಬರೆದಿದ್ದೀಯ. ಹಾಲು, ಎಣ್ಣೆ, ಬೇಳೆ ಎಲ್ಲವೂ ಏರುತ್ತಿರುವಾಗ ಬ್ಯಾಟರಿಯೊಂದೇ ನಿಂತಲ್ಲಿ ನಿಲ್ಲುವುದಿಲ್ಲ. ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೂ 12 ವರ್ಷಕ್ಕೆ ಯಾವ ಬೆಲೆಯಾದರೂ ಎರಡರಷ್ಟಾಗುತ್ತದೆ. ಆದರೆ ನೀನು ಕೊಡುವ ದುಡ್ಡಿನಲ್ಲಿ ಬೆಲೆಯೇರಿಕೆಯ ಪಾಲೆಷ್ಟು, ಅವಸರದ ಪಾಲೆಷ್ಟು ಎಂದು ಬಿಡಿಸಿ ನೋಡಬೇಕು. ಎರಡನೆಯದು ನಿನ್ನ ಕೈಯಲ್ಲಿದೆ.

ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಸೀಸದ ದರ ಲಂಡನ್ನಿನ ಲೋಹದ ಪೇಟೆಯಲ್ಲಿ ಡಾಲರ್ ಲೆಕ್ಕದಲ್ಲಿ ನಡೆಯುತ್ತದೆ. ರೂಪಾಯಿ ಕುಸಿದರೆ ಇಲ್ಲಿ ರೇಟು ಏರುತ್ತದೆ. ತೆರಿಗೆ ಮಾತ್ರ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಬ್ಯಾಟರಿಗಳ ಮೇಲಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಬಂತು. ಮೂಲ ಬೆಲೆ 5,000 ಇದ್ದರೆ ಹಿಂದೆ 1,400 ತೆರಿಗೆ, ಈಗ 900. ಆದ್ದರಿಂದ ಹಳೆಯ ಬಿಲ್ಲಿಗೂ ಹೊಸ ರೇಟಿಗೂ ಹೋಲಿಸುವಾಗ ತೆರಿಗೆ ಕಳೆದು ಹೋಲಿಸು. ಬಿಲ್ ಬೇಡವೆಂದರೆ ಕಮ್ಮಿ ಮಾಡಿಕೊಡುತ್ತೇನೆ ಎಂದರೆ ಒಪ್ಪಬೇಡ, ಬಿಲ್ಲಿಲ್ಲದೆ ವಾರಂಟಿ ಇಲ್ಲ.

ಅದಕ್ಕೂ ಮೊದಲು, ಬ್ಯಾಟರಿ ನಿಜವಾಗಿ ಸತ್ತಿದೆಯೇ ನೋಡು. ಕೆಲವು ನೂರು ರೂಪಾಯಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಸಿಗುತ್ತದೆ. ಕಾರನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಅದರ ಕಡ್ಡಿಗಳನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗೆ, ಅಂದರೆ ವೈರು ಕೂಡುವ ಗೂಟಗಳಿಗೆ, ಹಿಡಿ. 12.6 ವೋಲ್ಟ್ ಬಂದರೆ ತುಂಬಿದೆ, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಮ್ಮಿ ಖಾಲಿ. ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಅಂಕಿ 9.6ಕ್ಕಿಂತ ಕೆಳಗೆ ಕುಸಿಯಬಾರದು. ಚಾರ್ಜ್ ತುಂಬಿದ ಬ್ಯಾಟರಿಯೂ ಅಲ್ಲಿ ಕುಸಿದರೆ ಅದರ ಆಯಸ್ಸು ಮುಗಿದಿದೆ. ಇಂಜಿನ್ ಓಡುವಾಗ 13.8ರಿಂದ 14.5ರೊಳಗೆ ಇರಬೇಕು. ಅದಕ್ಕಿಂತ ಕಮ್ಮಿಯಿದ್ದರೆ ತಪ್ಪು ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನದೋ ಅದನ್ನು ತಿರುಗಿಸುವ ಬೆಲ್ಟಿನದೋ ಆಗಿರಬಹುದು; ಹೊಸ ಬ್ಯಾಟರಿ ಹಾಕಿದರೆ ಅದೂ ಬೇಗ ಮಲಗುತ್ತದೆ. 15ರ ಹತ್ತಿರ ಹೋದರೆ ಅತಿಯಾಗಿ ಚಾರ್ಜ್ ಆಗಿ ನೀರು ಆರಿಹೋಗುತ್ತದೆ. ಈ ಪರೀಕ್ಷೆ ಮಾಡದೆ ಬ್ಯಾಟರಿ ಬದಲಿಸುವುದು ಶುದ್ಧ ದಂಡ.

ಎಷ್ಟೋ ಸಲ ತೊಂದರೆ ಟರ್ಮಿನಲ್ಲಿನ ಮೇಲೆ ಕಟ್ಟಿದ ಬಿಳಿ-ಹಸಿರು ಪುಡಿಯಷ್ಟೇ. 10ನೇ ನಂಬರ್ ಸ್ಪ್ಯಾನರ್ ತಗೊಂಡು ನೆಗೆಟಿವ್ ಮೊದಲು ಬಿಚ್ಚು, ಆಮೇಲೆ ಪಾಸಿಟಿವ್. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಬರುವ ಹೈಡ್ರೋಜನ್ನಿಗೆ ಕಿಡಿ ಆಗಿಬರುವುದಿಲ್ಲ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕು. ಆ ನೀರು ಸೆಲ್ಲಿನ ಮುಚ್ಚಳದೊಳಗೆ ಇಳಿಯಬಾರದು. ಒರೆಸಿ, ಪಾಸಿಟಿವ್ ಮೊದಲು ಬಿಗಿದು, ಮೇಲೆ ತೆಳ್ಳಗೆ ವ್ಯಾಸಲೀನ್ ಸವರು. ಮುಚ್ಚಳವಿರುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಫಿಲ್ಟರ್ ನೀರೂ ಬೇಡ, ಆಸಿಡ್ಡಂತೂ ಬೇಡವೇ ಬೇಡ.

ನಿನ್ನ ಊರಿನ ಬಿಸಿಲು ಬ್ಯಾಟರಿಗೆ ದೊಡ್ಡ ಶತ್ರು. 40 ಡಿಗ್ರಿ ದಾಟಿದ ಸೆಖೆಯಲ್ಲಿ ಒಳಗಿನ ಸೀಸದ ಜಾಲರಿ ಬೇಗ ತುಕ್ಕು ಹಿಡಿಯುತ್ತದೆ. ನೆರಳಲ್ಲಿ ನಿಲ್ಲಿಸು. ಕಾರು ಸುಮ್ಮನೆ ನಿಂತರೂ ಅಲಾರಂ, ಗಡಿಯಾರ ಎಂದು 50 ಮಿಲಿಆಂಪಿಯರ್‌ವರೆಗೆ ಎಳೆಯುವುದುಂಟು. ಅಷ್ಟು ಎಳೆದರೆ ದಿನಕ್ಕೆ 1.2 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ), ಅಂದರೆ 35 ಎಎಚ್ ಬ್ಯಾಟರಿ ಹದಿನೈದು ದಿನಕ್ಕೆ ಅರ್ಧ ಖಾಲಿ. ಹಾಗೆ ಖಾಲಿಯಾಗಿ ಬಿದ್ದಿದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಪೂರ್ತಿ ಚಾರ್ಜ್ ಹಿಡಿಯುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಹೈವೇಯಲ್ಲಿ ಓಡಿಸು. ಮನೆ ಮುಂದೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸ್ಟಾರ್ಟಿಗೆ ಖರ್ಚಾದದ್ದು ಕೂಡ ಸರಿಯಾಗಿ ವಾಪಸ್ ಬರುವುದಿಲ್ಲ.

ಲೆಕ್ಕ ಹಾಕು: 5,400 ರೂಪಾಯಿಯ ಬ್ಯಾಟರಿ 36 ತಿಂಗಳು ಬಂದರೆ ತಿಂಗಳಿಗೆ 150, ಹೀಗೆ ನೋಡಿಕೊಂಡು 54 ತಿಂಗಳು ಬಂದರೆ 100. ಅಂಗಡಿಯವರೊಡನೆ ಚೌಕಾಸಿ ಮಾಡಿ ಇಷ್ಟು ಇಳಿಸಲು ಆಗುವುದಿಲ್ಲ.

ಕೊಳ್ಳಲೇಬೇಕಾದರೆ ಹಳೆಯದರ ಎಎಚ್, ಪಾಸಿಟಿವ್ ಟರ್ಮಿನಲ್ ಎಡವೋ ಬಲವೋ, ಎರಡನ್ನೂ ಬರೆದುಕೊಂಡು ಹೋಗು. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗುವ ಕಾರಿಗೆ ಮೇಲಿಂದ ಮೇಲೆ ಸ್ಟಾರ್ಟ್ ತಡೆಯುವ ಇಎಫ್‌ಬಿ ಅಥವಾ ಎಜಿಎಂ ಜಾತಿಯ ಬ್ಯಾಟರಿ ಬೇಕು, ಕಾರಿನ ಕಂಪನಿ ಯಾವುದು ಕೊಟ್ಟಿದೆಯೋ ಅದೇ. ತಯಾರಿಯ ತಿಂಗಳು ನೋಡಿ, ಮೂರು ತಿಂಗಳೊಳಗಿನದನ್ನೇ ಕೇಳು. ಹಳೆಯದನ್ನು ಬಿಟ್ಟಿ ಬಿಟ್ಟು ಬರಬೇಡ, ಅದರ ಸೀಸಕ್ಕೆ ಕಿಲೋ ಲೆಕ್ಕದ ಬೆಲೆಯಿದೆ; ಬಿಲ್ಲಿನಲ್ಲಿ ಎಷ್ಟು ಕಳೆದರು ಎಂದು ಬರೆಸಿಕೋ. ವಾರಂಟಿಯಲ್ಲಿ "36+24" ಎಂದಿದ್ದರೆ ಮೊದಲ 36 ತಿಂಗಳಷ್ಟೇ ಉಚಿತ ಬದಲಿ. ಆಮೇಲಿನದು ಎಂ.ಆರ್.ಪಿ. ಮೇಲಿನ ರಿಯಾಯಿತಿ, ಅಂಗಡಿಯಲ್ಲಿ ಎಲ್ಲರಿಗೂ ಎಂ.ಆರ್.ಪಿ.ಗಿಂತ ಕಮ್ಮಿಗೇ ಕೊಡುತ್ತಾರಾದ್ದರಿಂದ ಅದರಲ್ಲಿ ಉಳಿಯುವುದು ಅಷ್ಟಕ್ಕಷ್ಟೆ.

ದಿನಸಿಗೂ ಇದೇ ಲೆಕ್ಕ. ನಂದಿನಿ ನೀಲಿ ಪ್ಯಾಕೆಟ್ ನೋಡು: 2024ರ ಜೂನ್‌ನಲ್ಲಿ 550 ಎಂ.ಎಲ್.ಗೆ 24 ರೂಪಾಯಿ, 2025ರ ಏಪ್ರಿಲ್‌ನಿಂದ 500 ಎಂ.ಎಲ್.ಗೆ ಅದೇ 24. ಪ್ಯಾಕೆಟ್ಟಿನ ಬೆಲೆ ಕದಲಲಿಲ್ಲ, ಹಾಲು ಮಾತ್ರ ನೂರಕ್ಕೆ 10ರಷ್ಟು ತುಟ್ಟಿಯಾಯಿತು. ಎಣ್ಣೆಯಲ್ಲಿ ಒಂದು ಲೀಟರ್ ಎಂದರೆ ಸುಮಾರು 910 ಗ್ರಾಂ. ನೋಡಲು ಅಷ್ಟೇ ದೊಡ್ಡ ಪೌಚಿನಲ್ಲಿ 850 ಗ್ರಾಂ ಇರುವುದೂ ಉಂಟು. 15 ಕಿಲೋ ಡಬ್ಬಕ್ಕೂ 15 ಲೀಟರ್ ಡಬ್ಬಕ್ಕೂ ಒಂದೂಕಾಲು ಕಿಲೋಗಿಂತ ಹೆಚ್ಚು ವ್ಯತ್ಯಾಸ. ಗ್ರಾಮಿಗೆ ಎಷ್ಟು ಎಂದು ಪ್ಯಾಕೆಟ್ ಮೇಲೆಯೇ ಸಣ್ಣಕ್ಷರದಲ್ಲಿ ಮುದ್ರಿಸಿರುತ್ತಾರೆ, ಅದನ್ನು ಓದು. ತೊಗರಿಯ ಕಣಜದಲ್ಲೇ ಇದ್ದೀಯ. ಹೊಸ ಬೇಳೆ ಬಂದಾಗ ಆರು ತಿಂಗಳಿಗಾಗುವಷ್ಟು ಕೊಂಡು, ಒಣಗಿಸಿ ಡಬ್ಬಿ ತುಂಬಿಡು. ಬ್ಯಾಟರಿಯನ್ನು ಮಾತ್ರ ರೇಟು ಏರುತ್ತದೆಂದು ಮುಂಚೆ ಕೊಂಡಿಡಬೇಡ, ಕೂತಲ್ಲೇ ಚಾರ್ಜ್ ಇಳಿದು ಹಾಳಾಗುತ್ತದೆ.

ಭಾನುವಾರ ಬೆಳಿಗ್ಗೆ ಮೂರು ಅಂಕಿ ಬರೆದು ಕಳಿಸು: ಸ್ಟಾರ್ಟ್ ಮಾಡುವ ಮೊದಲಿನದು, ಮಾಡುವಾಗಿನದು, ಇಂಜಿನ್ ಓಡುವಾಗಿನದು. ಅಲ್ಲಿಯವರೆಗೆ ಅಂಗಡಿಯಲ್ಲಿ ಅಡ್ವಾನ್ಸ್ ಕೊಡಬೇಡ.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ಮಾವ