ರಿಂಗ್ ಒಂದು ದಾರಿ, ಧ್ವನಿ ಇನ್ನೊಂದು ದಾರಿ

ಸಂಪಾದಕರೇ,

ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ಅನೌನ್ಸ್‌ಮೆಂಟ್ ಮಾಡೋ ನೆಟ್‌ವರ್ಕ್ ಸ್ಪೀಕರ್‌ಗಳ ಬಗ್ಗೆ ನಿಮ್ಮ ಪೇಪರ್‌ನಲ್ಲಿ ಬಂದಿದ್ದ ಲೇಖನ ಓದ್ದೆ, ಚೆನ್ನಾಗೇ ಇತ್ತು, ಆದ್ರೆ ಇಂಟರ್ನೆಟ್ ಹೋದ್ರೆ ಇವೆಲ್ಲ ಮೂಕ ಆಗ್ಬಿಡ್ತವೆ ಅಂತ ಬರ್ದಿದ್ದು ಮಾತ್ರ ಪೂರ್ತಿ ಸರಿಯಿಲ್ಲ. ಗೋಡೆ ಮೇಲಿರೋ ಸ್ಪೀಕರ್ ಆಗ್ಲಿ ಗೇಟ್ ಹತ್ರ ಇರೋ ಇಂಟರ್‌ಕಾಮ್ ಆಗ್ಲಿ, ಅದೊಂದು ಫೋನೇ ರೀ, ರಿಸೀವರ್ ಇಲ್ಲ ಅಷ್ಟೆ. ಅದಕ್ಕೂ ಒಂದು ಎಕ್ಸ್‌ಟೆನ್ಷನ್ ನಂಬರ್ ಕೊಟ್ಟಿರ್ತಾರೆ, ಆನ್ ಆದ ತಕ್ಷಣ ಕಾಲ್‌ಗಳನ್ನ ಸೇರ್ಸೋ ಸಿಪ್ ಸರ್ವರ್‌ಗೆ ನಾನಿಲ್ಲಿದೀನಿ ಅಂತ ರಿಜಿಸ್ಟರ್ ಮಾಡ್ಕೊಳತ್ತೆ, ಕಾಲ್ ಬಂದ್ರೆ ಯಾರೂ ಎತ್ತೋದು ಬೇಡ, ಆಟೋ ಆನ್ಸರ್. ಸರ್ವರ್ ಅದೇ ಬಿಲ್ಡಿಂಗ್‌ನಲ್ಲಿದ್ರೆ ಅನೌನ್ಸ್‌ಮೆಂಟ್‌ಗೆ ಹೊರಗಿನ ಇಂಟರ್ನೆಟ್ ಇದ್ರೆಷ್ಟು ಬಿಟ್ರೆಷ್ಟು.

ಜನ ತಲೆ ಕೆಡಿಸ್ಕೊಳೋದು ಬೇರೆ ಕಡೆ. ಕಾಲ್ ಕನೆಕ್ಟ್ ಆಗತ್ತೆ, ಸೌಂಡೇ ಬರಲ್ಲ! ನಾನೇ ಒಂದ್ಸಲ ಎರಡು ದಿನ ಸ್ಪೀಕರ್ ಬಿಚ್ಚೋದು ಕೇಬಲ್ ಬದ್ಲಾಯಿಸೋದು ಮಾಡಿ ಸುಸ್ತಾಗಿದೀನಿ, ಕೊನೆಗೆ ನೋಡಿದ್ರೆ ನೆಟ್‌ವರ್ಕ್ ಕಾಯೋ ಫೈರ್‌ವಾಲ್‌ನಲ್ಲಿ 5060 ಪೋರ್ಟ್, ಅಂದ್ರೆ ಆ ನಂಬರಿನ ಬಾಗ್ಲು, ಒಂದೇ ಓಪನ್ ಇತ್ತು. ಅದು ಸಿಪ್‌ದು, ಕಾಲ್ ಮಾಡೋದು ಕಟ್ ಮಾಡೋದು ಮಾತ್ರ ಅದ್ರ ಕೆಲ್ಸ. ಧ್ವನಿ ಅದ್ರಲ್ಲಿ ಬರೋದೇ ಇಲ್ಲ, ಆರ್‌ಟಿಪಿ ಅನ್ನೋ ಪದ್ಧತೀಲಿ ಚಿಕ್ಕ ಚಿಕ್ಕ ಪ್ಯಾಕೆಟ್ ಆಗಿ ಬೇರೆ ಪೋರ್ಟ್‌ನಲ್ಲಿ ಬರತ್ತೆ, ಯಾವ ಪೋರ್ಟ್ ಅನ್ನೋದನ್ನ ಎರಡೂ ಕಡೆಯ ಯಂತ್ರಗಳು ಕಾಲ್ ಸೇರೋವಾಗ ಮಾತಾಡ್ಕೊಂಡಿರ್ತವೆ. ರೂಟರ್ ಹಿಂದಿರೋ ಸ್ಪೀಕರ್ ಆ ಮಾತುಕತೇಲಿ ತನ್ನ 192.168 ಅನ್ನೋ ಒಳಗಿನ ಅಡ್ರೆಸ್ ಕೊಟ್ಬಿಟ್ರಂತೂ ಮುಗೀತು, ಹೊರಗಿನವರು ಕಳ್ಸೋ ಧ್ವನಿ ಎಲ್ಲಿಗೋ ಹೋಗತ್ತೆ, ಒಂದು ಕಡೆಯವ್ರಿಗೆ ಕೇಳತ್ತೆ ಇನ್ನೊಂದು ಕಡೆಯವ್ರು ಹಲೋ ಹಲೋ ಅಂತಾನೇ ಇರ್ತಾರೆ.

ಸ್ಪೀಡ್ ಸಾಲ್ದು ಅಂತ ಎಲ್ಲಕ್ಕೂ ಅದನ್ನೇ ಬೈತಾರೆ ನೋಡಿ, ಧ್ವನೀನ ಡಿಜಿಟಲ್ ಮಾಡೋ ಜಿ.711 ಕೋಡೆಕ್‌ನಲ್ಲಿ ಒಂದು ಧ್ವನಿಗೆ ಬೇಕಾಗಿರೋದು 64 ಕೆಬಿಪಿಎಸ್ (ಸೆಕೆಂಡಿಗೆ 64 ಸಾವಿರ ಬಿಟ್), ಸೆಕೆಂಡಿಗೆ 50 ಪ್ಯಾಕೆಟ್, ಪ್ಯಾಕೆಟ್ ಮೇಲಿನ ವಿಳಾಸದ ಚೀಟಿ ಥರದ ಹೆಡರ್ ಎಲ್ಲ ಸೇರ್ಸಿದ್ರೂ 80ರ ಹತ್ರ. ತೊಂದ್ರೆ ಆಗೋದು ಪ್ಯಾಕೆಟ್‌ಗಳು ಒಂದು ಬೇಗ ಒಂದು ಲೇಟಾಗಿ ಬಂದಾಗ, ಅದಕ್ಕೇ ಜಿಟ್ಟರ್ ಬಫರ್ ಅಂತ ಇಟ್ಟಿರ್ತಾರೆ, ಸ್ವಲ್ಪ ಹೊತ್ತು ಹಿಡ್ಕೊಂಡು ಸಾಲಾಗಿ ಬಿಡತ್ತೆ. ತೀರಾ ಲೇಟಾಗಿ ಬಂದಿದ್ದನ್ನ ಎಸೆಯೋದೇ, ಮಾತು ಮುಂದೆ ಹೋದ್ಮೇಲೆ ಹಿಂದಿನ ಅಕ್ಷರ ತಗೊಂಡು ಏನ್ ಮಾಡೋದು.

ನೂರು ಸ್ಪೀಕರ್‌ಗೆ ಒಟ್ಟಿಗೆ ಅನೌನ್ಸ್ ಮಾಡೋಕೆ ನೂರು ಕಾಲ್ ಬೇಕು ಅಂತಾನೂ ಇತ್ತು ಆ ಲೇಖನದಲ್ಲಿ. ಬೇಡ ಸ್ವಾಮಿ, ಮಲ್ಟಿಕಾಸ್ಟ್ ಇದ್ಯಲ್ಲ, ಕಳ್ಸೋದು ಒಂದೇ ಸ್ಟ್ರೀಮ್, ನೂರಕ್ಕೂ ಕಾಪಿ ಹಂಚೋ ಕೆಲ್ಸ ನೆಟ್‌ವರ್ಕ್ ಸ್ವಿಚ್ಚಿಂದು.

ಇಂತಿ,
ಒಬ್ಬ ಓದುಗ