ದೋಷ ಮೋಟಾರಿನದಲ್ಲ, ಶಾಫ್ಟಿನದು

ಮಾನ್ಯ ಸಂಪಾದಕರಿಗೆ,

ಶಾಲಾ ಕಾಲೇಜುಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನದ ದಿನಗಳು ಹತ್ತಿರ ಬಂದಂತೆ, ದಾವಣಗೆರೆಯಲ್ಲಿ ಲೋಹವನ್ನು ಕಡೆದು ಕೊರೆದು ಕೊಡುವ ಲೇತ್ ಅಂಗಡಿಗಳಿಗೆ ರಿಮೋಟಿನಿಂದ ಓಡುವ ಮಾದರಿ ದೋಣಿಗಳನ್ನು ಹಿಡಿದು ಬರುವ ವಿದ್ಯಾರ್ಥಿಗಳೂ ಹೆಚ್ಚುತ್ತಾರೆ. ದೋಣಿ ಗರಗರ ಸದ್ದು ಮಾಡುತ್ತದೆ, ಒಳಗೆ ನೀರು ಸೇರುತ್ತದೆ, ಮೋಟಾರು ಮುಟ್ಟಲಾಗದಷ್ಟು ಕಾಯುತ್ತದೆ ಎಂಬುದೇ ಬಹುತೇಕರ ದೂರು. ಯಾರದೋ ಸಲಹೆಯಂತೆ ಇನ್ನೂ ದೊಡ್ಡ ಮೋಟಾರು, ಹೆಚ್ಚು ವೋಲ್ಟಿನ ಬ್ಯಾಟರಿ ಹಾಕಿ ದುಡ್ಡು ಕಳೆದುಕೊಂಡ ಮೇಲೆಯೇ ಅವರು ಲೇತ್‌ನವರ ಬಳಿ ಬರುತ್ತಾರೆ. ಮೋಟಾರಿನಿಂದ ನೀರು ತಳ್ಳುವ ಪ್ರೊಪೆಲ್ಲರಿನವರೆಗೆ ಹಿತ್ತಾಳೆ ಕೊಳವೆಯೊಳಗೆ ಹೋಗುವ ಶಾಫ್ಟನ್ನು, ಅಂದರೆ ತಿರುಗುವ ಸರಳನ್ನು, ಮೊದಲೇ ನೋಡಿದ್ದರೆ ಈ ಖರ್ಚಿನ ಹೆಚ್ಚಿನ ಪಾಲು ಉಳಿಯುತ್ತಿತ್ತು ಎಂಬುದು ಈ ಕೆಲಸದಲ್ಲೇ ಇರುವ ನನ್ನ ಅಭಿಪ್ರಾಯ.

ಪರೀಕ್ಷೆ ಸುಲಭ. ಮೋಟಾರನ್ನೂ ಶಾಫ್ಟನ್ನೂ ಜೋಡಿಸುವ ಕಪ್ಲಿಂಗ್ ಬಿಚ್ಚಿ ಶಾಫ್ಟನ್ನು ಬೆರಳಿನಿಂದ ತಿರುಗಿಸಿದಾಗ ಅದು ಎಲ್ಲೂ ತಡೆಯಿಲ್ಲದೆ ತಿರುಗಬೇಕು. ಒಂದೇ ಜಾಗದಲ್ಲಿ ಬಿಗಿಯಾದರೆ ಶಾಫ್ಟ್ ಬಾಗಿದೆ ಎಂದರ್ಥ. ಹೊರತೆಗೆದು ಗಾಜಿನ ಮೇಲೆ ಉರುಳಿಸಿದರೆ ಅಡಿಯಲ್ಲಿ ಬೆಳಕು ಕಾಣುವ ಕಡೆ ಬಾಗು ಗೊತ್ತಾಗುತ್ತದೆ. ಅದನ್ನು ತಟ್ಟಿ ನೇರ ಮಾಡುವುದಕ್ಕಿಂತ ಅದೇ ಅಳತೆಯ ಹೊಸ ಸ್ಟೇನ್‌ಲೆಸ್ ಸರಳು ಹಾಕುವುದೇ ಲೇಸು. ಕಪ್ಲಿಂಗ್ ಬಿಚ್ಚಿದಾಗ ಸಲೀಸಾಗಿ ತಿರುಗಿ, ಜೋಡಿಸಿದ ಕೂಡಲೇ ಬಿಗಿಯಾಗುವುದಾದರೆ ಮೋಟಾರಿನ ಮತ್ತು ಶಾಫ್ಟಿನ ನಡುಗೆರೆ ಒಂದೇ ನೇರದಲ್ಲಿಲ್ಲ. ಎತ್ತ ಬೇಕಾದರೂ ಬಾಗುವ ಕಪ್ಲಿಂಗ್ ಆದ ಯೂನಿವರ್ಸಲ್ ಜಾಯಿಂಟ್ ಇದೆಯಲ್ಲ ಎಂದು ಅನೇಕರು ಇದನ್ನು ಕಡೆಗಣಿಸುತ್ತಾರೆ. ಆ ಜಾಯಿಂಟ್ ಅಲ್ಪಸ್ವಲ್ಪ ಓರೆಯನ್ನು ಸಹಿಸಿಕೊಂಡರೂ ಓರೆ ಹೆಚ್ಚಾದಷ್ಟೂ ಅದರಿಂದಲೇ ನಡುಕ ಹುಟ್ಟುತ್ತದೆ. ಆ ನಡುಕ ಕೊಳವೆಯ ಬಾಯಲ್ಲಿ ಶಾಫ್ಟನ್ನು ಹಿಡಿದಿಡುವ ಬುಷ್ಷನ್ನು ಒಂದೇ ಪಕ್ಕಕ್ಕೆ ಸವೆಸುತ್ತದೆ. ಇತ್ತೀಚೆಗೆ ರಿಪೇರಿಗೆ ಬಂದ ಒಂದು ದೋಣಿಯ ಹಿತ್ತಾಳೆ ಕೊಳವೆಯ ಕೆಳಬಾಯಿ ಮೊಟ್ಟೆಯಾಕಾರಕ್ಕೆ ಸವೆದಿತ್ತು. ಒಳಗಿನ ಗ್ರೀಸು ಕಪ್ಪಾಗಿ, ಬೆರಳಿಗೆ ಸವರಿಕೊಂಡರೆ ಹಿತ್ತಾಳೆಯ ಪುಡಿ ಹೊಳೆಯುತ್ತಿತ್ತು.

ಈ ಓರೆ ತಪ್ಪಿಸಲು ಲೇತ್‌ನವರು ಮಾಡಿಕೊಡುವ ಉಪಾಯವೊಂದಿದೆ. ಒಂದು ತುಂಡು ಹಿತ್ತಾಳೆಯ ಒಂದು ತುದಿಯಲ್ಲಿ ಮೋಟಾರಿನ ಶಾಫ್ಟಿನ ಅಳತೆಗೆ, ಇನ್ನೊಂದು ತುದಿಯಲ್ಲಿ ಪ್ರೊಪೆಲ್ಲರ್ ಶಾಫ್ಟಿನ ಅಳತೆಗೆ ರಂಧ್ರ ಕೊರೆಯುತ್ತೇವೆ. ‘540’ ಎಂಬ ಸಾಮಾನ್ಯ ಗಾತ್ರದ ಮೋಟಾರಿಗೆ ಅದು 3.17 ಮಿ.ಮೀ., ಎಷ್ಟೋ ದೋಣಿಗಳ ಶಾಫ್ಟಿಗೆ 4 ಮಿ.ಮೀ. ಎರಡೂ ರಂಧ್ರಗಳನ್ನು ತುಂಡನ್ನು ಲೇತಿನ ಹಿಡಿಯಾದ ಚಕ್‌ನಿಂದ ಬಿಚ್ಚದೆ ಒಂದೇ ಸಲಕ್ಕೆ ಕೊರೆದರೆ ಅವು ತಾವಾಗಿಯೇ ಒಂದೇ ನೇರಕ್ಕೆ ಬರುತ್ತವೆ. ಕಪ್ಲಿಂಗ್ ಬದಲು ಈ ಗಟ್ಟಿ ತುಂಡನ್ನು ತೊಡಿಸಿ, ಶಾಫ್ಟ್ ಹಗುರವಾಗಿ ತಿರುಗುವ ಸ್ಥಿತಿಯಲ್ಲಿಯೇ ಮೋಟಾರಿನ ಕೂರುಪಟ್ಟಿಯನ್ನು ಎಪಾಕ್ಸಿಯಿಂದ ಅಂಟಿಸಿ, ಅದು ಪೂರ್ತಿ ಗಟ್ಟಿಯಾದ ಮೇಲೆ ತುಂಡನ್ನು ತೆಗೆದು ಕಪ್ಲಿಂಗ್ ಹಾಕಬೇಕು. ಕಪ್ಲಿಂಗನ್ನು ಬಿಗಿಯುವ ಸಣ್ಣ ತಿರುಪು (ಗ್ರಬ್ ಸ್ಕ್ರೂ) ಕೂರುವ ಜಾಗದಲ್ಲಿ ಶಾಫ್ಟನ್ನು ಅರದಿಂದ ಸ್ವಲ್ಪ ಚಪ್ಪಟೆ ಮಾಡದಿದ್ದರೆ ಅದು ಜಾರುತ್ತಲೇ ಇರುತ್ತದೆ.

ನೀರು ಸೇರುವ ವಿಷಯ ನಮ್ಮ ರೈತರಿಗೆ ಹೊಸದಲ್ಲ. ಪಂಪ್‌ಸೆಟ್ಟಿನ ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಗ್ಲ್ಯಾಂಡ್ ಹಗ್ಗ ಮಾಡುವ ಕೆಲಸವನ್ನೇ ಇಲ್ಲಿ ಕೊಳವೆಯೊಳಗಿನ ಗ್ರೀಸು ಮಾಡುತ್ತದೆ. ಕೊಳವೆಯ ಒಳತುದಿ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು. ಕೊಳವೆಗೆ ಒಂದು ಸಣ್ಣ ನಳಿಗೆ ಬೆಸುಗೆ ಹಾಕಿಸಿಕೊಂಡರೆ ಶಾಫ್ಟ್ ಬಿಚ್ಚದೆಯೇ ಸಿರಿಂಜಿನಿಂದ ಗ್ರೀಸು ತುಂಬಬಹುದು. ಅಡುಗೆ ಎಣ್ಣೆ ಬೇಡ, ಅದು ಅಂಟಾಗಿ ಕೂರುತ್ತದೆ.

ವೇಗದ ದೋಣಿಗಳಲ್ಲಿ ಸರಳಿನ ಬದಲು ಹೆಣೆದ ಉಕ್ಕಿನ ತಂತಿಯ ಫ್ಲೆಕ್ಸ್ ಶಾಫ್ಟ್ ಇರುತ್ತದೆ. ಭಾರ ಬಿದ್ದಾಗ ಅದು ತಿರುಚಿಕೊಂಡು ಉದ್ದದಲ್ಲಿ ಕುಗ್ಗುವುದರಿಂದ, ಪ್ರೊಪೆಲ್ಲರನ್ನು ಹಿಡಿದು ತಿರುಗಿಸಲು ಅದರ ಮುಂದಿರುವ ಡ್ರೈವ್ ಡಾಗ್ ಎಂಬ ತುಂಡು ಮತ್ತು ಬೇರಿಂಗಿನ ನಡುವೆ 2ರಿಂದ 3 ಮಿ.ಮೀ. ಸಂದು ಬಿಡಲೇಬೇಕು, ಬಿಡದಿದ್ದರೆ ಅವೆರಡೂ ಉಜ್ಜಿ ಮೋಟಾರು ಸುಡುತ್ತದೆ. ಓಡಿಸಿದ ದಿನವೇ ತಂತಿಯನ್ನು ಹೊರಗೆಳೆದು ಒರೆಸಿ ಗ್ರೀಸು ಹಚ್ಚಿಡದಿದ್ದರೆ ಒಳಗೊಳಗೇ ತುಕ್ಕು ಹಿಡಿದು ಒಂದು ದಿನ ಕೆರೆಯ ನಡುವೆ ತುಂಡಾಗುತ್ತದೆ.

ಕೆರೆ ಎಂದ ಮೇಲೆ ಒಂದು ವಿನಂತಿ: ಕುಂದವಾಡ ಕೆರೆ ನಗರಕ್ಕೆ ಕುಡಿಯುವ ನೀರು ಒದಗಿಸುವ ಕೆರೆಯಾದ್ದರಿಂದ ಗ್ರೀಸು ತುಂಬಿದ ದೋಣಿಗಳ ಪರೀಕ್ಷೆ ಮನೆಯ ತೊಟ್ಟಿಯಲ್ಲೇ ನಡೆಯಲಿ. ಶಾಫ್ಟ್ ಸರಿ ಇದೆಯೇ ಎಂದು ತಿಳಿಯಲು ತೊಟ್ಟಿ ಧಾರಾಳ ಸಾಕು.

ಲೇತ್ ಕೆಲಸ ಕಾಣದ ವಿದ್ಯಾರ್ಥಿಗೆ ಮೇಲೆ ಹೇಳಿದ ಹಿತ್ತಾಳೆ ತುಂಡು ದೊಡ್ಡ ಒಗಟಿನಂತೆ ತೋರಬಹುದು. 1951ರಿಂದ ನಡೆದುಬಂದಿರುವ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು ಹಾಗೂ ನಗರದ ಐಟಿಐಗಳು ವಸ್ತುಪ್ರದರ್ಶನಕ್ಕೆ ಮುನ್ನ ಒಂದು ಶನಿವಾರ ತಮ್ಮ ವರ್ಕ್‌ಶಾಪ್‌ಗಳನ್ನು ಶಾಲಾ ಮಕ್ಕಳಿಗೆ ತೆರೆದು, ಬೋಧಕರ ಎದುರಿನಲ್ಲೇ ಇಂತಹ ತುಂಡು ಕೊರೆದು ತೋರಿಸುವ ಏರ್ಪಾಡು ಮಾಡಬೇಕು. ತೀರ್ಪುಗಾರರೂ ದೋಣಿಯ ಬಣ್ಣ, ವೇಗಗಳ ಜೊತೆಗೆ ಅದರ ಕಪ್ಲಿಂಗ್ ಬಿಚ್ಚಿಸಿ ಶಾಫ್ಟನ್ನು ಒಮ್ಮೆ ತಿರುಗಿಸಿ ನೋಡಿ ಅಂಕ ಕೊಡುವಂತಾಗಲಿ.

– ಲೇತ್ ಕೆಲಸಗಾರ, ದಾವಣಗೆರೆ